ಒಗ್ಗರಣೆಗೆ ಮುಂಚೆ ಐದು ಸ್ಟಾರ್

ಮಜ್ಜಿಗೆಹುಳಿಗೆ ಕಡಲೆಬೇಳೆ ಎಷ್ಟು ಹೊತ್ತು ನೆನೆಯಬೇಕು ಎಂದು ನೋಡಲು ಫೋನು ತೆಗೆದರೆ, ಮೊದಲು ಕಣ್ಣಿಗೆ ಬಿದ್ದದ್ದು ರೆಸಿಪಿಯ ಕೆಳಗೆ ಯಾರೋ ಕೊಟ್ಟ ಐದು ಸ್ಟಾರ್. ಪಕ್ಕದಲ್ಲಿ ಒಕ್ಕಣೆ: "ಸೂಪರ್ ಮೇಡಂ, ನಾಳೆ ಮಾಡಿ ನೋಡ್ತೀನಿ." ಅಂದರೆ ಇನ್ನೂ ಮಾಡಿಲ್ಲ. ಬೂದುಗುಂಬಳ ತಂದಿಲ್ಲ, ಬೇಳೆ ನೆನೆಸಿಲ್ಲ, ಹಾಲಿಗೆ ಹೆಪ್ಪೇ ಹಾಕಿಲ್ಲ. ಐದಕ್ಕೆ ಐದು ಸಂದಾಯವಾಗಿದೆ. ಅದರ ಕೆಳಗೆ ಇನ್ನೊಬ್ಬರು: "ಮೊಸರು ಇರಲಿಲ್ಲ, ಹುಣಸೆರಸ ಹಾಕಿದೆ. ಕಾಯಿ ನಮಗೆ ಆಗಲ್ಲ, ಬಿಟ್ಟೆ. ಅಷ್ಟು ರುಚಿ ಬರಲಿಲ್ಲ." ಒಂದು ಸ್ಟಾರ್. ಮಜ್ಜಿಗೆಯೂ ಇಲ್ಲದ, ಕಾಯಿಯೂ ಇಲ್ಲದ ಮಜ್ಜಿಗೆಹುಳಿ ಏಕೆ ಕೆಟ್ಟಿತೆಂದು ಬರೆದ ಹೆಣ್ಣುಮಗಳು ಉತ್ತರ ಕೊಡಬೇಕು, ಪಾಪ.

ಐದೂ ಒಂದೂ ಕೂಡಿಸಿ ಎರಡರಿಂದ ಭಾಗಿಸಿದರೆ ಮೂರು. ಇಬ್ಬರಲ್ಲಿ ಒಬ್ಬರೂ ಆ ಅಡುಗೆ ಮಾಡಿಲ್ಲ. ಯಾರೂ ಮಾಡದ ಅಡುಗೆಗೆ ಬಂದ ಈ ಮೂರು ಅಂಕ ಯಾರದು ಎಂಬುದೇ ನನ್ನ ತಲೆ ತಿನ್ನುತ್ತಿರುವುದು.

ಸ್ಟಾರುಗಳ ಕಷ್ಟ ಅಡುಗೆಯವರದ್ದು ಮಾತ್ರವಲ್ಲ. ಯೂಟ್ಯೂಬಿನವರು 2009ರಲ್ಲಿ ಲೆಕ್ಕ ತೆಗೆದು ನೋಡಿದಾಗ ಜನ ಒತ್ತುವುದು ಹೆಚ್ಚಾಗಿ ಐದನ್ನೇ ಎಂದು ಗೊತ್ತಾಯಿತು. ಮರುವರ್ಷ ಸ್ಟಾರು ಕಿತ್ತು ಹೆಬ್ಬೆಟ್ಟು ತಂದರು. ನೆಟ್‌ಫ್ಲಿಕ್ಸ್ 2017ರಲ್ಲಿ ಅದೇ ದಾರಿ ಹಿಡಿಯಿತು. ಬಹಳ ಮೆಚ್ಚಿದವನು ಬರೆಯುತ್ತಾನೆ, ಬಹಳ ಸಿಟ್ಟಾದವನು ಬರೆಯುತ್ತಾನೆ. ತಿಂದು, ಕೈ ತೊಳೆದು, ಸುಮ್ಮನೆ ಮಲಗಿದವನು ಬರೆಯುವುದಿಲ್ಲ. ಊಟ ಮಾಡುವವರಲ್ಲಿ ಅವನೇ ಹೆಚ್ಚು.

ನಮ್ಮಲ್ಲಿ ಅಡುಗೆಗೆ ಅಂಕ ಕೊಡುವ ಪದ್ಧತಿಯೇ ಇರಲಿಲ್ಲ ಎಂದಲ್ಲ. ಮೂರನೆಯ ಮಂಗರಸ 16ನೇ ಶತಮಾನದ ಮೊದಲಲ್ಲಿ ಇಡೀ 'ಸೂಪಶಾಸ್ತ್ರ'ವನ್ನು ಷಟ್ಪದಿಯಲ್ಲಿ ಹೇಳಿ ಮುಗಿಸಿದ. ಕೆಳಗೆ ಬರೆಯಲು ಓದುಗರಿಗೆ ಜಾಗ ಬಿಡದೆ ಆರಾಮಾಗಿದ್ದ. ಆದರೆ ಮದುವೆಮನೆಯ ಭಟ್ಟರಿಗೆ ಆ ಆರಾಮ ಇಲ್ಲ. ಮೊದಲ ಪಂಕ್ತಿ ಕೂತಾಗ ಭಟ್ಟರು ಅಡುಗೆಮನೆ ಬಾಗಿಲಿಗೆ ಒರಗಿ ನಿಂತಿರುವುದನ್ನು ನೀವೂ ನೋಡಿರುತ್ತೀರಿ. ಹೆಗಲ ಮೇಲೆ ಟವೆಲು, ಮುಖದಲ್ಲಿ ವೈರಾಗ್ಯ. ಅವರು ಯಾರ ಮುಖವನ್ನೂ ನೋಡುವುದಿಲ್ಲ, ಎಲೆ ನೋಡುತ್ತಾರೆ. ಗೊಜ್ಜು ಅಂಚಿಗೆ ಸರಿಯಿತೇ? ತೊವ್ವೆ ಹಾಗೇ ಉಳಿಯಿತೇ? ಸಾರಿನ ಬಕೆಟ್ಟು ಎಷ್ಟನೇ ಎಲೆಗೆ ಖಾಲಿಯಾಯಿತು? ಎರಡನೇ ಪಂಕ್ತಿಗೆ ಹುಳಿಯ ಉಪ್ಪು ಸರಿಯಾಗಿರುತ್ತದೆ. ಯಾರೂ ಏನೂ ಹೇಳಿರುವುದಿಲ್ಲ. ಕೈ ತೊಳೆದು ಬಂದ ಹಿರಿಯರು "ಅಡುಗೆ ಭರ್ಜರಿ ಭಟ್ರೇ" ಎಂದರೆ ಕೈ ಮುಗಿಯುತ್ತಾರೆ, ನಂಬುವುದಿಲ್ಲ. ಅವರ ಪಾಲಿಗೆ ಅದು ಮೇಡಂಗೆ ಬಂದ "ಸೂಪರ್" ಇದ್ದ ಹಾಗೆ. ನಾಲ್ಕನೇ ಎಲೆಯ ಹುಡುಗ ಮೂರನೇ ಸಲ ಸಾರು ಕೇಳಿದನಲ್ಲ, ಅದನ್ನು ನಂಬುತ್ತಾರೆ.

ಮನೆಗಳಲ್ಲಿ ಇನ್ನೂ ಸೂಕ್ಷ್ಮ. ನನ್ನ ಸೋದರತ್ತೆಯೊಬ್ಬರು ಯಾವ ಅಡುಗೆಯನ್ನೂ ಚೆನ್ನಾಗಿಲ್ಲ ಎಂದವರಲ್ಲ. ಕೇಳುತ್ತಿದ್ದರು, ಅಷ್ಟೆ. ನನ್ನ ಹೆಂಡತಿ ಹುಳಿ ಬಡಿಸಿದರೆ ಒಂದು ತುತ್ತು ಕಲೆಸಿ ಬಾಯಿಗಿಟ್ಟು, "ಬೇಳೆ ಯಾವ ಅಂಗಡೀದಮ್ಮ?"

"ಇಲ್ಲೇ, ಮೂಲೆ ಅಂಗಡೀದು ಅತ್ತೆ."

"ಅದಕ್ಕೇ."

ವಿಮರ್ಶೆ ಮುಗಿಯಿತು. ಬೇಳೆ ಹಳೇದು, ಕರಗಿಲ್ಲ, ತಪ್ಪು ನಿನ್ನದಲ್ಲ ಅಂಗಡಿಯವನದು, ಮುಂದಿನ ಸಲ ಬೇರೆ ಕಡೆ ತಾ, ಇವಿಷ್ಟೂ ಆ ಒಂದು ಪ್ರಶ್ನೆಯಲ್ಲಿ. "ಒಗ್ಗರಣೆಗೆ ಇಂಗು ಹಾಕಿದ್ಯಾ?" ಎಂದರೆ ಹಾಕಿದ್ದು ಸಾಲದು. "ಬೆಲ್ಲ ಯಾವುದು?" ಎಂದರೆ ಬೆಲ್ಲ ಹೆಚ್ಚಾಯಿತು. ಆಕೆ ಸ್ಟಾರು ಕೊಟ್ಟಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. ಸಿಟ್ಟೇನೋ ಬರುತ್ತಿತ್ತು, ಹುಳಿ ಸುಧಾರಿಸುತ್ತಿರಲಿಲ್ಲ.

ಈಗ ಯೋಚಿಸಿದರೆ ಅತ್ತೆಯ ಪ್ರಶ್ನೆಗಳಲ್ಲಿ ಇದ್ದದ್ದು ಬರೀ ಕೊಂಕಲ್ಲ. ವರ್ಷಗಟ್ಟಲೆ ಡಬ್ಬದಲ್ಲಿ ಕೂತ ತೊಗರಿಬೇಳೆ ಎಷ್ಟು ಬೇಯಿಸಿದರೂ ಹಠ ಬಿಡುವುದಿಲ್ಲ. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಹೊಸ ಬೇಳೆಯೂ ಬಿಗಿಯುತ್ತದೆ. ಬೇಳೆ ಬೇಯುವ ಮುಂಚೆ ಹುಣಸೆರಸ ಬಿದ್ದರಂತೂ ಮುಗಿಯಿತು, ಹುಳಿ ಅದನ್ನು ಮೆತ್ತಗಾಗಲು ಬಿಡುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ; ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮಂಗಳೂರಿನವರು ಬರೆದ "ಇಪ್ಪತ್ತು ನಿಮಿಷ" ಇಲ್ಲಿ ಇಪ್ಪತ್ತಾಗಿ ಉಳಿಯಬೇಕಿಲ್ಲ. ಅಮೆರಿಕದ ಡೆನ್ವರಿಗೆ ಹೋದ ಮಗಳಿಗೆ ಅಲ್ಲಿ ಕುದಿಯುವುದು 95ಕ್ಕೆ, ಅವಳು ಕುಕ್ಕರನ್ನೇ ನೆಚ್ಚಬೇಕು.

ಇನ್ನು ಕಪ್ಪು. ಪಾವು, ಚಟಾಕು ಬಿಟ್ಟು ಕಪ್ಪಿಗೆ ಬಂದೆವು, ಬಂದು ಹೆಚ್ಚು ಕೆಟ್ಟೆವು. ಅಮೆರಿಕದ ಕಪ್ಪು ಸುಮಾರು 240 ಮಿಲಿಲೀಟರು, ಮೆಟ್ರಿಕ್ ಕಪ್ಪು 250, ರೈಸ್ ಕುಕ್ಕರಿನ ಜೊತೆ ಬರುವ ಪ್ಲಾಸ್ಟಿಕ್ಕಿನದು 180. ಅಕ್ಕಿಯನ್ನು ಒಂದರಲ್ಲಿ, ನೀರನ್ನು ಇನ್ನೊಂದರಲ್ಲಿ ಅಳೆದು "ಬಿಸಿಬೇಳೆಬಾತು ಗಂಜಿಯಾಯಿತು" ಎಂದು ಒಂದು ಸ್ಟಾರ್ ಒತ್ತಿದವರ ಮೇಲೆ ನನಗೆ ಸಿಟ್ಟಿಲ್ಲ, ಕನಿಕರವಿದೆ. ಮೆಣಸಿನಕಾಯಿಯದ್ದೂ ಇದೇ ಗೋಳು. ಬ್ಯಾಡಗಿ ಕೊಡುವುದು ಬಣ್ಣ, ಗುಂಟೂರಿನದು ಕೊಡುವುದು ಬೆಂಕಿ. ಹತ್ತು ಬ್ಯಾಡಗಿ ಎಂದಲ್ಲಿ ಹತ್ತು ಗುಂಟೂರು ಹಾಕಿದವರ ಸ್ಟಾರು ರೆಸಿಪಿಗೆ ಸಲ್ಲುವುದಿಲ್ಲ, ಗುಂಟೂರಿಗೆ ಸಲ್ಲಬೇಕು.

ಹಾಗಾಗಿ ಈ ರೆಸಿಪಿ ಜಾಲತಾಣ ನಡೆಸುವವರಲ್ಲಿ ನನ್ನದೊಂದು ಅಹವಾಲು. ನನ್ನ ಅತ್ತೆಯನ್ನು ಕೆಲಸಕ್ಕೆ ಇಟ್ಟುಕೊಳ್ಳಿ. ಆಕೆ ಈಗಿಲ್ಲ, ಆಕೆಯ ಪ್ರಶ್ನೆಗಳನ್ನಾದರೂ ಇಟ್ಟುಕೊಳ್ಳಿ. ಸ್ಟಾರು ಒತ್ತುವ ಮುಂಚೆ ಮಾಡಿದ್ರಾ ಎಂದು ಕೇಳಿ. ಏನು ಬದಲಿಸಿದ್ರಿ, ಯಾವ ಊರು, ಯಾವ ಕಪ್ಪು, ಯಾವ ಮೆಣಸಿನಕಾಯಿ? ಹಾಲಿಗೆ ಹೆಪ್ಪು ಹಾಕದವರ ಮೆಚ್ಚುಗೆಯನ್ನು ಬೇರೆ ಡಬ್ಬಿಯಲ್ಲಿಡಿ. ಬರೆದವರಿಗೂ ಒಂದಿಷ್ಟು ಸಂತೋಷ ಬೇಡವೇ? ಆದರೆ ಲೆಕ್ಕಕ್ಕೆ ಸೇರಿಸಬೇಡಿ. ಹದಿನೈದು ದಿನ ಬಿಟ್ಟು ಮತ್ತೆ ಕೇಳಿ: ಇನ್ನೊಮ್ಮೆ ಮಾಡಿದ್ರಾ? ಭಟ್ಟರು ಎಲೆಯಲ್ಲಿ ಹುಡುಕುತ್ತಿದ್ದದ್ದು ಇದನ್ನೇ.

ಸ್ಟಾರು ಬೇಕೇ ಬೇಕೆಂದರೆ ಫ್ರಾನ್ಸಿನ ಮಿಶೆಲಿನ್‌ನವರಿಂದ ಕಲಿಯಿರಿ. ಅವರು ಟಯರು ಮಾರುವವರು. 1900ರಲ್ಲಿ ಕಾರಿನವರಿಗೆಂದು ಒಂದು ಕೈಪಿಡಿ ಅಚ್ಚು ಹಾಕಿದರು. ಜನ ಊರೂರು ಸುತ್ತಲಿ, ಟಯರು ಸವೆಯಲಿ ಎಂಬ ವ್ಯಾಪಾರದ ಬುದ್ಧಿ. 1926ರಲ್ಲಿ ಹೋಟೆಲಿನ ಊಟಕ್ಕೆ ಸ್ಟಾರು ಹಚ್ಚತೊಡಗಿದರು, ಆಮೇಲೆ ಅದನ್ನು ಮೂರಕ್ಕೆ ಏರಿಸಿದರು. ಆ ಸ್ಟಾರುಗಳಿಗೆ ಅರ್ಥವಿತ್ತು: ಎರಡು ಸ್ಟಾರಿನ ಹೋಟೆಲಿಗೆ ದಾರಿ ಬಳಸಿಕೊಂಡಾದರೂ ಹೋಗಬಹುದು, ಮೂರಿದ್ದರೆ ಅದಕ್ಕೆಂದೇ ಪ್ರಯಾಣ ಹೊರಡಬಹುದು. ನಾಲಿಗೆಗೆ ಅಂಕ ಕೇಳಲಿಲ್ಲ ಅವರು, ನೀನು ಎಷ್ಟು ದೂರ ಬರುತ್ತೀಯೆ ಎಂದು ಕೇಳಿದರು.

ನಮ್ಮ ಅಡುಗೆಮನೆಗೂ ಅಂಥದ್ದೊಂದು ಮಾಡಿಕೊಳ್ಳಬಹುದು. ಒಂದು ಸ್ಟಾರ್: ಮನೆಯವರಿಗೆ ಮಾಡಬಹುದು, ಬೈಯುವುದಿಲ್ಲ. ಎರಡು: ಭಾನುವಾರ ನಾಲ್ಕು ಜನರನ್ನು ಕರೆಯಬಹುದು. ಮೂರು: ಬೀಗರು ಮೊದಲ ಸಲ ಬಂದಾಗಲೂ ಧೈರ್ಯವಾಗಿ ಒಲೆ ಹಚ್ಚಬಹುದು. ಒಂದು ಸ್ಟಾರೂ ಸಿಗದ ರೆಸಿಪಿಗಳನ್ನು ಅಳಿಸಿಹಾಕಬೇಡಿ, ಒಂದು ಕಡೆ ಜೋಪಾನವಾಗಿಡಿ. ಬಂದ ನೆಂಟರು ಎಂಟು ದಿನವಾದರೂ ಹೊರಡುವ ಮಾತೆತ್ತದಿದ್ದಾಗ ಬೇಕಾಗುತ್ತವೆ.