ಬೀಗದ ಕೈ ಗೊಂಚಲು

ನಮ್ಮ ಅತ್ತೆಯವರ ಸೊಂಟದಲ್ಲಿ ಸದಾ ಒಂದು ಬೀಗದ ಕೈ ಗೊಂಚಲು ತೂಗುತ್ತಿತ್ತು. ನಾನು ಆನೇಕಲ್ಲಿಗೆ ಸೊಸೆಯಾಗಿ ಬಂದು ಹನ್ನೊಂದು ವರ್ಷವಾದರೂ ಬೀರುವಿನ ಕೈ ನನಗೆ ಸಿಕ್ಕಿರಲಿಲ್ಲ. ತಿಂಗಳ ಸಂಬಳವನ್ನು ಅವರಿಗೆ ಕೊಟ್ಟು, ಬಸ್ ಚಾರ್ಜಿಗೆ ಅವರನ್ನೇ ಕೇಳುತ್ತಿದ್ದೆ. ನನ್ನ ಮಕ್ಕಳಿಗೂ ನನಗೂ ನಡುವೆ ಯಾವ ಬೀಗವೂ ಇರಕೂಡದೆಂದು ಆಗಲೇ ನಿಶ್ಚಯಿಸಿದ್ದೆ.

ಮಗಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ. 1978ರಲ್ಲಿ ಕಿಯೋನಿಕ್ಸ್‌ನವರು ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ ಹೊಲಗಳಲ್ಲಿ ಕಟ್ಟಲು ಹೊರಟ ಊರು ಅದು. ಮೊನ್ನೆ ಅವಳು ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಅವರೆಕಾಳು ಹಿಚುಕುತ್ತಿದ್ದೆ.

"ಏನೇ ಅದು?"

"ಬೀಗ ಮಾಡ್ತಿದೀನಮ್ಮ, ಎಸ್‌ಎಸ್‌ಎಚ್ ಕೀ."

ಒಂದು ಸಾಲು ಟೈಪ್ ಮಾಡಿದಳು. ಕಂಪ್ಯೂಟರ್ ಗುಟ್ಟಿನ ಮಾತು ಕೇಳಿತು. ಅವಳ ಬೆರಳು ಓಡುತ್ತಿತ್ತು, ಪರದೆಯ ಮೇಲೆ ಒಂದು ಚುಕ್ಕೆಯೂ ಮೂಡಲಿಲ್ಲ. ಆಮೇಲೆ ಚುಕ್ಕೆ, ನಕ್ಷತ್ರಗಳ ಪುಟ್ಟ ರಂಗೋಲಿಯೊಂದು ಬಂತು.

"ಆ ಮಾತು ಹೇಳು, ಕ್ಯಾಲೆಂಡರ್ ಹಿಂದೆ ಬರೆದಿಡ್ತೀನಿ. ಮರೆತರೆ?"

"ನಿಂಗೂ ಹೇಳೋ ಹಾಗಿಲ್ಲಮ್ಮ."

ಅತ್ತೆಯವರ ಗೊಂಚಲು ಮತ್ತೆ ಝಣ್ ಎಂದಂತಾಯಿತು. ನಾನು ತಲೆ ತಗ್ಗಿಸಿ ಕಾಳು ಹಿಚುಕತೊಡಗಿದೆ.

ಅವಳು ಕುರ್ಚಿ ತಿರುಗಿಸಿದಳು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯಾರೋ ತಂತಿಯ ಮೇಲೆ ಹೋಗುತ್ತಿದ್ದ ಪಾಸ್‌ವರ್ಡುಗಳನ್ನು ಕದ್ದರಂತೆ. ಅದನ್ನು ಕಂಡು ತತು ಯ್ಲೋನೆನ್ ಎಂಬವರು ಎಸ್‌ಎಸ್‌ಎಚ್ ರಚಿಸಿದರಂತೆ. ಇದರಲ್ಲಿ ಬೀಗ, ಕೈ ಎರಡೂ ಜೋಡಿಯಾಗಿ ಹುಟ್ಟುತ್ತವೆ. ಬೀಗವನ್ನು ಎಷ್ಟು ಕಂಪ್ಯೂಟರಿಗಾದರೂ ನೇತುಹಾಕಬಹುದು, ಯಾರು ನೋಡಿದರೂ ಚಿಂತೆಯಿಲ್ಲ. ಕೈ ಮಾತ್ರ ನಮ್ಮ ಯಂತ್ರ ಬಿಟ್ಟು ಕದಲಬಾರದು. ಅದು ನಮ್ಮ ಬಳಿ ಇದೆಯೆಂಬುದಕ್ಕೆ ಒಂದು ರುಜು ಹೋಗುತ್ತದೆಯೇ ಹೊರತು ಕೈ ಹೋಗುವುದಿಲ್ಲ.

"ಹೋದ ವರ್ಷ ಒಬ್ಬಳು ಅವಸರದಲ್ಲಿ ಬೀಗದ ಬದಲು ಕೈಯನ್ನೇ ಎಲ್ಲರಿಗೂ ಮೇಲ್ ಮಾಡಿಬಿಟ್ಟಳು. ಅದಕ್ಕೆ ಗುಟ್ಟಿನ ಮಾತನ್ನೂ ಇಟ್ಟಿರಲಿಲ್ಲ. ರಾತ್ರಿಯೆಲ್ಲ ಕೂತು ಎಲ್ಲ ಕಡೆಯಿಂದ ಆ ಬೀಗ ಕಿತ್ತು, ಹೊಸ ಜೋಡಿ ಮಾಡಬೇಕಾಯ್ತು."

"ಪಾಪ, ಯಾರೇ ಆ ಹುಡುಗಿ?"

"ನಾನೇ ಅಮ್ಮ."

ನೆನಪಾಯಿತು. ಅವಳು ಬೆಳಗಿನ ಜಾವ ಮನೆಗೆ ಬಂದು, ತಲೆನೋವೆಂದು ಮಲಗಿದ್ದಳು. ನಾನು ಕಾಫಿ ಕೊಟ್ಟು, ಏನೂ ಕೇಳದೆ ಶಾಲೆಗೆ ಹೋಗಿದ್ದೆ. ಕೆಲಸ ಹೋಗುತ್ತದೆಂದು ಹೆದರಿದ್ದಳಂತೆ. ವರ್ಷವಿಡೀ ಒಬ್ಬಳೇ ನುಂಗಿಕೊಂಡಿದ್ದಳು.

ಗುಟ್ಟಿನ ಮಾತನ್ನು ನಾನು ಮತ್ತೆ ಕೇಳಲಿಲ್ಲ. ಅವಳು ಅದಕ್ಕಿಂತ ದೊಡ್ಡದನ್ನು ಹೇಳಿದ್ದಳು. ನನ್ನ ಸಂಬಳಕ್ಕೆ ಅತ್ತೆಯವರು ಹಾಕಿದ ಬೀಗವನ್ನು ನಾನು ಇಂದಿಗೂ ಒಪ್ಪಲಾರೆ. ಆದರೆ ಪರರ ವಸ್ತುವಿಗೆ ಬೀಗ ಜಡಿಯುವುದು ಬೇರೆ, ತನ್ನ ಪಾಲಿಗೆ ಒಪ್ಪಿಸಿದ್ದನ್ನು ಕಾಯುವುದು ಬೇರೆ. ಇಷ್ಟು ವರ್ಷ ನಾನು ಎರಡನ್ನೂ ಒಂದೇ ಗೊಂಚಲಿಗೆ ಪೋಣಿಸಿಕೊಂಡಿದ್ದೆ.

ಆ ರಾತ್ರಿ ಎಲ್ಲರೂ ಮಲಗಿದ ಮೇಲೆ ಎದ್ದು, ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದ ನನ್ನ ಎಟಿಎಂ ನಂಬರನ್ನು ರಬ್ಬರಿನಿಂದ ಅಳಿಸಿದೆ.