ಮಸ್ಕತ್ತಿನಿಂದ ಬೀಳ್ಕೊಂಡುದು

ಇಂತಹ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಶಾಲೆಯ ಅಭಿವೃದ್ಧಿಯನ್ನು ಕುರಿತು ಬರೆಯುವುದು ವಾಡಿಕೆ. ಕಟ್ಟಡದ ಮತ್ತು ಫಲಿತಾಂಶಗಳ ಸಂಗತಿಯು ವರದಿಯಲ್ಲಿಯೇ ಬಂದಿರುವುದರಿಂದ, ಬಹುಕಾಲ ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ನನ್ನ ಸ್ವಂತದ ಒಂದು ವಿಷಯವನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ನಾನು ಪದವಿಯನ್ನೂ ಉಪಾಧ್ಯಾಯಿನಿಯ ತರಬೇತಿಯನ್ನೂ ಮುಗಿಸಿ, 2004ನೆಯ ಇಸವಿಯಲ್ಲಿ ಮಸ್ಕತ್ ಪಟ್ಟಣದ ಭಾರತೀಯ ಮಕ್ಕಳ ಶಾಲೆಯೊಂದಕ್ಕೆ ಗಣಿತ ಕಲಿಸಲು ಹೋದೆನು. ಆಗ ನನಗೆ ಇಪ್ಪತ್ತಮೂರು ವರ್ಷ. ಮನೆಯಲ್ಲಿ ಸಾಲವಿತ್ತು, ಸೇವೆಗೆಂದು ಹೋದೆನೆಂದು ಬರೆದರೆ ಸುಳ್ಳಾದೀತು.

ಮಸ್ಕತ್ತು ಕಲ್ಲುಗುಡ್ಡಗಳ ಊರು. ರಾಮದೇವರ ಬೆಟ್ಟವನ್ನು ನೋಡುತ್ತಾ ಬೆಳೆದವಳಿಗೆ ಅದು ಪರಸ್ಥಳವೆನಿಸಬಾರದಾಗಿತ್ತು. ಆದರೆ ನಮ್ಮವು ಸುಮಾರು 250 ಕೋಟಿ ವರ್ಷಗಳ ನಸುಗೆಂಪು ಬಂಡೆಗಳು. ಅಲ್ಲಿಯವು ಒಂದು ಕಾಲಕ್ಕೆ ಸಮುದ್ರದ ತಳವಾಗಿದ್ದು ಮೇಲಕ್ಕೆದ್ದ, ಕಪ್ಪು ಕಂದು ಬಣ್ಣದ, ಹುಲ್ಲುಕಡ್ಡಿಯೂ ಕಾಣದ ಗುಡ್ಡಗಳು. ನಿಮ್ಮ ಊರು ಯಾವುದೆಂದು ಮಕ್ಕಳು ಕೇಳಿದಾಗ ರಾಮನಗರವೆಂದರೆ ಯಾರಿಗೂ ತಿಳಿಯದು. 1975ರ ‘ಶೋಲೆ’ ಚಿತ್ರವನ್ನು ತೆಗೆದ ಊರೆಂದರೆ ತರಗತಿಯೇ ನೆಟ್ಟಗೆ ಕುಳಿತುಕೊಳ್ಳುವುದು. ಮಿಷನ್ ಶಾಲೆಯಲ್ಲಿ ಓದಿದವಳಿಗೆ ಇದೇ ಪರಿಚಯಪತ್ರವಾಯಿತಲ್ಲಾ ಎಂದು ಒಳಗೇ ನಗುತ್ತಿದ್ದೆನು. 1970ರಲ್ಲಿ ಆ ದೇಶದಲ್ಲಿದ್ದ ಸರ್ಕಾರೀ ಶಾಲೆಗಳು ಮೂರೇ, ಅವೂ ಗಂಡುಮಕ್ಕಳಿಗೆ ಮಾತ್ರ. ನಾನು ಹೋಗುವ ವೇಳೆಗೆ ಬೆಳಿಗ್ಗೆ ಬಸ್ಸುಗಳ ತುಂಬ ಒಮಾನಿ ಹೆಣ್ಣುಮಕ್ಕಳು ಪುಸ್ತಕ ಹಿಡಿದು ಹೋಗುತ್ತಿದ್ದರು. ಅದನ್ನು ನೋಡುವುದು ನನಗೆ ದಿನವೂ ಒಂದು ಸಂತೋಷವಾಗಿತ್ತು.

ಅಲ್ಲಿ ನಮ್ಮ ಸಭೆಯ ಆರಾಧನೆಯು ಶುಕ್ರವಾರ. ಒಂದು ಸಲ ಸಭೆಯವರೊಡನೆ ದೋಣಿಯಲ್ಲಿ ಹೋಗಿ, ಗುಡ್ಡಗಳ ನಡುವಣ ಸಣ್ಣ ಕೊಲ್ಲಿಯೊಂದರಲ್ಲಿ ಬಿಷಪ್ ಥಾಮಸ್ ಫ್ರೆಂಚ್ ಅವರ ಸಮಾಧಿಯನ್ನು ಕಂಡೆನು. ಲಾಹೋರಿನ ಮೊದಲನೆಯ ಬಿಷಪ್ಪರಾಗಿದ್ದ ಇವರು ಆ ಪದವಿಯನ್ನು ಬಿಟ್ಟು, ಅರುವತ್ತಾರನೆಯ ವಯಸ್ಸಿನಲ್ಲಿ ಮಸ್ಕತ್ತಿಗೆ ಬಂದು, ಕೆಲವೇ ತಿಂಗಳಲ್ಲಿ, 1891ರ ಮೇ ತಿಂಗಳಲ್ಲಿ, ತೀರಿಕೊಂಡರು. ಆ ಸಮಾಧಿಯ ಬಳಿ ನನಗೆ ನೆನಪಾದವರು ನಮ್ಮ ಅಜ್ಜಿ.

ಅಜ್ಜಿಯು ಮಿಷನ್ ಬೋರ್ಡಿಂಗಿನಲ್ಲಿ ಓದಿದವರು. ಅವರನ್ನು ಓದಿಸಿದ ದೊರೆಸಾನಿಯವರು ಸ್ವದೇಶಕ್ಕೆ ಹೊರಟ ದಿನ, ರೈಲಿನ ಕಿಟಕಿಯಿಂದ ಇವರ ಕೈಹಿಡಿದು “ಕಾಗದ ಬರೆಯುತ್ತೇನೆ” ಎಂದಿದ್ದರಂತೆ. ಕಾಗದವು ಬರಲೇ ಇಲ್ಲ. ಎಂಬತ್ತು ದಾಟಿದ ಮೇಲೆಯೂ ಅಜ್ಜಿ ಅದನ್ನು ಹೇಳುವರು. ದೂರಿನಂತಲ್ಲ, ಅಂಚೆಯವನು ಇನ್ನೂ ಬರಬಹುದೇನೋ ಎಂಬಂತೆ. ಚಿಕ್ಕವಳಾಗಿದ್ದಾಗ ಕೇಳಿ ಕೇಳಿ ನಾನು ಆ ಕಾಣದ ದೊರೆಸಾನಿಯ ಮೇಲೆ ಬಹಳ ಕೋಪ ಮಾಡಿಕೊಂಡಿದ್ದೆನು.

ಮೂರು ವರ್ಷಗಳಾದ ಮೇಲೆ ಸಾಲ ತೀರಿತು. ನನ್ನ ಸ್ವಂತ ಶಾಲೆಯಲ್ಲಿ ಗಣಿತಕ್ಕೆ ಯಾರೂ ಇಲ್ಲವೆಂದು ಕಾಗದ ಬಂದಿತು. ಅಲ್ಲಿ ಮತ್ತೆರಡು ವರ್ಷಕ್ಕೆ ಕರಾರು ಬರೆದುಕೊಡಲು ಸಿದ್ಧರಿದ್ದರು. ಸಂಬಳವನ್ನು ಇಲ್ಲಿಯದರೊಡನೆ ಹೋಲಿಸಿ ಹೇಳುವುದು ಬೇಡ. ಎರಡು ರಾತ್ರಿ ನಿದ್ರೆಯಿಲ್ಲದೆ ಯೋಚಿಸಿ ರಾಜೀನಾಮೆ ಕೊಟ್ಟೆನು.

ಹೊರಡುವುದಕ್ಕೆ ಹತ್ತು ದಿನವಿರುವಾಗ, 2007ರ ಜೂನ್ 6ರಂದು, ಗೋನು ಎಂಬ ಚಂಡಮಾರುತವು ಬಂದು ಬಡಿಯಿತು. ವರ್ಷವೆಲ್ಲ ಒಣಗಿ ಬಿದ್ದಿರುವ ಹಳ್ಳಗಳಿಗೆ ಅಲ್ಲಿ ವಾದಿಯೆಂದು ಹೆಸರು. ಅವು ತುಂಬಿ ರಸ್ತೆಗಳನ್ನೂ ಮೋಟಾರುಗಳನ್ನೂ ಕೊಚ್ಚಿಕೊಂಡು ಹೋದವು. ದೇಶದಲ್ಲಿ ಸುಮಾರು 50 ಮಂದಿ ಸತ್ತರು. ಮಸ್ಕತ್ತು ಕುಡಿಯುವುದು ಉಪ್ಪು ತೆಗೆದ ಸಮುದ್ರದ ನೀರನ್ನು. ಆ ಯಂತ್ರಗಳು ನಿಂತುಹೋಗಿ, ಬೀದಿಯೆಲ್ಲ ನೀರಾಗಿರುವಾಗ ನಲ್ಲಿಯಲ್ಲಿ ತೊಟ್ಟೂ ಇಲ್ಲದಂತಾಯಿತು. ಮೂರನೆಯ ದಿನ ನನ್ನ ಪಾತ್ರೆಗಳೆಲ್ಲ ಬರಿದಾದವು. ಕೆಳಗಿನ ಮನೆಯಲ್ಲಿ ಒಮಾನಿ ವೃದ್ಧೆಯೊಬ್ಬರಿದ್ದರು. ಮೂರು ವರ್ಷಗಳಲ್ಲಿ ಅವರಿಗೂ ನನಗೂ ಸಲಾಮಿನ ಹೊರತು ಮಾತೇ ಇರಲಿಲ್ಲ. ಆಕೆ ಮೆಟ್ಟಿಲೇರಿ, ಏದುಸಿರು ಬಿಡುತ್ತಾ, ಒಂದು ಡಬ್ಬದ ತುಂಬ ನೀರನ್ನು ತಂದು ಬಾಗಿಲಲ್ಲಿಟ್ಟು “ಬಿಂತಿ” ಎಂದರು. ನನ್ನ ಮಗಳೇ ಎಂದರ್ಥ. ಒಂದು ಬಟ್ಟಲು ತಣ್ಣೀರಿನ ವಚನವನ್ನು ಭಾನುವಾರದ ಶಾಲೆಯಲ್ಲಿ ನಾನು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆನೋ! ನೀರು ಕೊಡುವ ಕೈ ನಮ್ಮದೇ ಎಂದು ಅದುವರೆಗೆ ಎಣಿಸಿದ್ದೆನು. ಆಕೆಯ ಹೆಸರನ್ನು ಆ ದಿನ ಮೊದಲ ಸಲ ಕೇಳಿದೆನು.

ಹೊರಡುವ ಹಿಂದಿನ ಸಂಜೆ, ಉಡುಪಿಯ ಕಡೆಯ ಒಂದು ಕುಟುಂಬದವರು ಮಗಳನ್ನು ಕರೆದುಕೊಂಡು ಬಂದರು. ಲೆಕ್ಕವೆಂದರೆ ಅಳುತ್ತಿದ್ದ ಹುಡುಗಿ. ನನ್ನ ಕೈಯಲ್ಲಿ ಚೆನ್ನಾಗಿ ಕಲಿತಿದ್ದಳು. ಚನ್ನಪಟ್ಟಣದ ಅರಗಿನ ಬುಗುರಿಯೊಂದನ್ನು ಊರಿನಿಂದ ತಂದು ಮೇಜಿನ ಮೇಲಿಟ್ಟುಕೊಂಡಿದ್ದೆನು. ಅದನ್ನು ಅವಳಿಗೆ ಕೊಟ್ಟೆನು. ಅವಳು ಅದನ್ನು ಆಡಿಸಲಿಲ್ಲ. “ಮಿಸ್, ನೀವೂ ಹೋಗುವುದಾ? ಎಲ್ಲ ಮಿಸ್ಸುಗಳೂ ಹೋಗುತ್ತಾರೆ” ಎಂದಳು. ಅಲ್ಲಿಯ ಮಕ್ಕಳ ಪಾಡು ಹಾಗೆ; ವರ್ಷ ವರ್ಷವೂ ಉಪಾಧ್ಯಾಯಿನಿಯರೂ ಜೊತೆಗಾತಿಯರೂ ಬಿಟ್ಟುಹೋಗುತ್ತಲೇ ಇರುವರು. ನನಗೆ ಉತ್ತರ ತೋಚದೆ, “ಬರೆಯುತ್ತೇನೆ, ಮಗು” ಎಂದುಬಿಟ್ಟೆನು. ಅವಳ ತಾಯಿ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟರು.

ನಾನು ಬರೆಯಲಿಲ್ಲ. ಬಂದ ಹೊಸದರಲ್ಲಿ ಪರೀಕ್ಷೆಗಳ ಕೆಲಸ; ಆಮೇಲೆ ತಂದೆಯವರ ಕಾಯಿಲೆ; ವರ್ಷ ಕಳೆದ ಮೇಲೆ, ಇಷ್ಟು ತಡವಾಗಿ ಏನೆಂದು ಬರೆಯುವುದೆಂಬ ನಾಚಿಕೆ. ಮರೆತಿರಲಿಲ್ಲ ಎಂಬುದೇ ಇದರಲ್ಲಿ ಕೆಟ್ಟ ಭಾಗ. ದೊರೆಸಾನಿಯವರಿಗೂ ಹೀಗೆಯೇ ಆಗಿದ್ದೀತು. ಇದನ್ನು ಅಜ್ಜಿಗೆ ಹೇಳೋಣವೆಂದುಕೊಳ್ಳುವಷ್ಟರಲ್ಲಿ ಅವರೂ ಇರಲಿಲ್ಲ. ಚೀಟಿಯು ನನ್ನ ಬೈಬಲಿನಲ್ಲಿ ಈಗಲೂ ಇದೆ; ಮಡಿಕೆಯಲ್ಲಿ ಹರಿದಿದೆ, ಅಕ್ಷರ ಚೆನ್ನಾಗಿದೆ.

ಈಗ ಹೋಗುವವರು ನಮ್ಮ ಹುಡುಗಿಯರು. ಮಾಗಡಿ, ಕನಕಪುರಗಳ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಓದಿದವರು ದಾದಿಯರಾಗಿ, ಇಂಜಿನಿಯರುಗಳಾಗಿ ಸಮುದ್ರ ದಾಟುತ್ತಿದ್ದಾರೆ. ಕಳೆದ ಬೇಸಿಗೆಯಲ್ಲಿ ಕನಕಪುರದ ರೇಷ್ಮೆ ಸಾಕುವ ಮನೆಯ ಹುಡುಗಿಯೊಬ್ಬಳು, ಮಸ್ಕತ್ತಿನ ಆಸ್ಪತ್ರೆಯಲ್ಲಿ ಕೆಲಸವಾಗಿದೆಯೆಂದು ಹೇಳಿಹೋಗಲು ಬಂದಳು. ಊರು ಹೇಗಿದೆಯೆಂದು ಕೇಳಿದಳು. ಬೆಟ್ಟಗಳು ನಮ್ಮವುಗಳಂತೆಯೇ, ಬಣ್ಣ ಬೇರೆ ಎಂದೆನು. ಕೆಳಗಿನ ಮನೆಯವರ ಹೆಸರನ್ನು ಮೊದಲ ವಾರದಲ್ಲಿಯೇ ಕೇಳಿಕೋ ಎಂದೆನು. ಕಾಲಿಗೆರಗಿ ಎದ್ದು, “ಬರೀತೀನಿ ಮೇಡಂ” ಎಂದಳು.

ಬರೆಯದಿದ್ದರೂ ನಿನ್ನ ಮೇಲೆ ಬೇಸರಪಡುವುದಿಲ್ಲ ಎಂದು ಹೇಳಿದೆನು. ಅವಳಿಗೆ ಅದು ವಿಚಿತ್ರವಾಗಿ ಕೇಳಿಸಿರಬೇಕು. ಗೇಟಿನವರೆಗೆ ಹೋಗಿ ಒಮ್ಮೆ ಹಿಂದಿರುಗಿ ನೋಡಿದಳು.