ಬಾಗುವ ತೊಲೆಯ ಬೆಡಗು

ಕಟ್ಟಡಗಳು ನಿಶ್ಚಲವಾಗಿವೆ ಎಂಬುದು ಕಣ್ಣಿನ ನಂಬಿಕೆಯೇ ಹೊರತು ಲೆಕ್ಕದ ಸತ್ಯವಲ್ಲ. ಹೊರೆ ಬಿದ್ದ ತೊಲೆ ಎಳ್ಳಷ್ಟಾದರೂ ಬಾಗುತ್ತದೆ, ಕಂಬ ಕುಗ್ಗುತ್ತದೆ, ಗಾಳಿಗೆ ಎದುರಾದ ಗೋಪುರ ಓಲಾಡುತ್ತದೆ. ಈ ಅಗೋಚರ ಚಲನೆಯನ್ನು ಪರದೆಯ ಮೇಲೆ ನೂರಾರು ಪಟ್ಟು ಹಿಗ್ಗಿಸಿ ನೋಡುವ ಸುಖ ಸ್ಟ್ರಕ್ಚರಲ್ ಎಂಜಿನಿಯರನಿಗೆ ಮೀಸಲಾದದ್ದು.

ಗಣಕಯಂತ್ರ ಬರುವ ಮುನ್ನ ಈ ಲೆಕ್ಕ ಕೈಯಲ್ಲೇ ನಡೆಯುತ್ತಿತ್ತು. 1930ರಲ್ಲಿ ಹಾರ್ಡಿ ಕ್ರಾಸ್ ಪ್ರಕಟಿಸಿದ ಮೊಮೆಂಟ್ ಡಿಸ್ಟ್ರಿಬ್ಯೂಷನ್ ವಿಧಾನದಲ್ಲಿ ಎಲ್ಲ ಸಂಧಿಗಳನ್ನೂ ತಿರುಗದಂತೆ ಬಿಗಿದಿಟ್ಟು, ಬಳಿಕ ಒಂದೊಂದನ್ನೇ ಸಡಿಲಿಸಿ, ಸಮತೋಲ ತಪ್ಪಿದ ಮೊಮೆಂಟನ್ನು, ಅಂದರೆ ಸಂಧಿಯನ್ನು ತಿರುಗಿಸುವ ಪ್ರಭಾವವನ್ನು, ಅಲ್ಲಿ ಕೂಡುವ ತೊಲೆ ಕಂಬಗಳಿಗೆ ಅವುಗಳ ಬಿಗುವಿಗೆ ತಕ್ಕಂತೆ ಹಂಚಲಾಗುತ್ತಿತ್ತು. ಗಣಕಯಂತ್ರವು ಎಲ್ಲ ಸಂಧಿಗಳನ್ನೂ ಒಟ್ಟಿಗೇ ಬಿಡಿಸುತ್ತದೆ. ಮೂರು ಆಯಾಮದ ಚೌಕಟ್ಟಿನ ಪ್ರತಿ ಸಂಧಿಗೂ ಮೂರು ಸರಿತ, ಮೂರು ತಿರುವು ಎಂದು ಆರು ಅಜ್ಞಾತಗಳಿರುವುದರಿಂದ ಸಾವಿರ ಸಂಧಿಗಳಿಗೆ 6,000 ಸಮೀಕರಣಗಳಾಗುತ್ತವೆ. ಯಾವ ಸಂಧಿ ಅಲುಗಿದರೆ ಎಲ್ಲೆಲ್ಲಿ ಎಷ್ಟು ಬಲ ಹುಟ್ಟುತ್ತದೆಂಬುದನ್ನು ದಾಖಲಿಸುವ ಕೋಷ್ಟಕವೇ ಸ್ಟಿಫ್‌ನೆಸ್ ಮ್ಯಾಟ್ರಿಕ್ಸ್. ಚಪ್ಪಡಿ, ಗೋಡೆ, ಗುಮ್ಮಟಗಳಂಥ ಅಖಂಡ ರೂಪಗಳನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ ಇದೇ ಲೆಕ್ಕಕ್ಕೆ ಒಳಪಡಿಸುವ ವಿಧಾನಕ್ಕೆ ರೇ ಕ್ಲಫ್ 1960ರಲ್ಲಿ ಫೈನೈಟ್ ಎಲಿಮೆಂಟ್ ಎಂಬ ಹೆಸರಿಟ್ಟರು.

ಆದರೆ ಕಸುಬಿನ ರುಚಿಯಿರುವುದು ಸಮೀಕರಣ ಬಿಡಿಸುವುದರಲ್ಲಲ್ಲ, ಕಟ್ಟಡವನ್ನು ಯಂತ್ರಕ್ಕೆ ವಿವರಿಸುವುದರಲ್ಲಿ. ಮೀಟರಿಗೆ 20 ಕಿಲೋನ್ಯೂಟನ್ ಹೊರೆ ಹೊತ್ತ 6 ಮೀಟರ್ ತೊಲೆಯ ತುದಿಗಳು ಸ್ವತಂತ್ರವಾಗಿ ತಿರುಗುತ್ತವೆಂದು ಹೇಳಿದರೆ ನಡುವಿನ ಮೊಮೆಂಟ್ 90 ಕಿಲೋನ್ಯೂಟನ್-ಮೀಟರ್ ಆಗುತ್ತದೆ. ತುದಿಗಳು ತಿರುಗದಂತೆ ಬಿಗಿದಿವೆ ಎಂದರೆ ಅದು 30ಕ್ಕೆ ಇಳಿದು, ತುದಿಗಳಲ್ಲಿ 60 ಮೂಡುತ್ತದೆ. ವಾಸ್ತವದ ಸಂಧಿಯು ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆಂದು, ಕಬ್ಬಿಣದ ಸರಳುಗಳನ್ನು ಎಲ್ಲಿ ಇಡಬೇಕೆಂದು ತೀರ್ಮಾನಿಸುವವನು ಮನುಷ್ಯನೇ.

ಆ ತೀರ್ಮಾನ ಕೆಟ್ಟರೆ ಯಂತ್ರದ ನಿಖರತೆ ಕಾಯುವುದಿಲ್ಲ. ನಾರ್ವೆಯ ಸ್ಲೈಪ್ನರ್-ಎ ತೈಲ ವೇದಿಕೆಯ ಕಾಂಕ್ರೀಟ್ ತಳರಚನೆಯ ವಿಶ್ಲೇಷಣೆಯಲ್ಲಿ ತುಂಡುಗಳ ವಿಭಜನೆ ಒರಟಾಗಿದ್ದುದರಿಂದ, ಗೋಡೆಯನ್ನು ಕತ್ತರಿಸುವಂತೆ ವರ್ತಿಸುವ ಶಿಯರ್ ಒತ್ತಡವು ಸುಮಾರು 47 ಪ್ರತಿಶತ ಕಡಿಮೆ ಅಂದಾಜಾಯಿತು. ಸರಳುಗಳ ಜೋಡಣೆಯೂ ಸಾಲದೆ ಹೋಗಿ, 1991ರ ಆಗಸ್ಟ್ 23ರಂದು ಆ ರಚನೆ ಮುಳುಗಿತು.

ಆದ್ದರಿಂದಲೇ ನುರಿತ ವಿಶ್ಲೇಷಕನು ಗಣನೆಗೆ ಮುನ್ನವೇ ಬಾಗುವ ರೂಪವನ್ನು ಕಾಗದದ ಮೇಲೆ ಗೀಚಿ, ಗಣನೆಯ ಬಳಿಕ ಹೊರೆಗಳ ಮೊತ್ತವೂ ಆಧಾರಗಳ ಪ್ರತಿಬಲವೂ ತಾಳೆಯಾಗುತ್ತವೆಯೇ ಎಂದು ನೋಡುತ್ತಾನೆ. ಪರದೆಯ ಚಿತ್ರವು ಊಹೆಗೆ ಹೊಂದಿದಾಗಿನ ನೆಮ್ಮದಿಗಿಂತ, ಹೊಂದದಿದ್ದಾಗ ದೋಷವು ಮಾದರಿಯಲ್ಲಿದೆಯೋ ಊಹೆಯಲ್ಲಿದೆಯೋ ಎಂದು ಹುಡುಕುವ ಹೊತ್ತೇ ಅವನಿಗೆ ಹೆಚ್ಚು ಸೊಗಸು, ಏಕೆಂದರೆ ಕಟ್ಟಡದ ಬಗ್ಗೆ ಅವನು ಹೊಸದನ್ನು ಕಲಿಯುವುದು ಆಗಲೇ.